ಐತನ ಸಾಲು

ಪೆರ್ಲದ ಹಾಲಿನ ಸೊಸೈಟಿಯಲ್ಲಿ
ಬೆಳಗ್ಗೆ ಏಳೂಕಾಲಿಗೆ ಪ್ರಿಂಟರು ಕೊರೆಯುತ್ತದೆ.
ನಾನೇ ಬರೆದ ಪ್ರೋಗ್ರಾಮು,
ಆರು ತಿಂಗಳ ಡಿಪ್ಲೊಮಾದ ಧೈರ್ಯ.
ಹೆಸರು, ಲೀಟರು, ಫ್ಯಾಟು, ರೂಪಾಯಿ.
ಕ್ಯಾನುಗಳ ಮೇಲಿನ ಗೋಡೆಗೆ ಹಾಳೆ ಅಂಟಿಸಿದ
ಮೊದಲ ದಿನವೇ ಗುಸುಗುಸು.

ಇಪ್ಪತ್ತೆರಡು ಸಾಲು ಹೇಗೋ
ಒಂದಕ್ಕೊಂದು ಆತು ನಿಂತಿವೆ.
ಸ್ವರ್ಗದ ಐತನದು ಮಾತ್ರ ಬಲಕ್ಕೆ ಜಾರಿ
ಅವನ ದುಡ್ಡು ಕಾಗದದ ಅಂಚಿಗೆ ಹೋಗಿ ಕೂತಿದೆ.
ಸ್ವರ್ಗ ಎಂದರೆ ಇಲ್ಲಿ ಒಂದು ಊರು. ಬಸ್ಸುಂಟು.

"ಎಂತ ಅಕ್ಕಾ, ಇಲ್ಲಿಯೂ ನಾನು ಹೊರಗೆಯಾ?"
ನಕ್ಕೇ ಕೇಳಿದ.
ನನಗೆ ನಗಲಿಕ್ಕೆ ಆಗಲಿಲ್ಲ.

ಸೆಕ್ರೆಟರಿ ತ್ರ್ಯಂಬಕಣ್ಣ ಕನ್ನಡಕ ಏರಿಸಿ ನೋಡಿದರು.
"ಅವನ ಹೆಸರು ತೀರ ಗಿಡ್ಡ ಮಾರಾಯ್ತಿ.
ಬಾಲಕ್ಕೊಂದು ಅಪ್ಪ ಸೇರಿಸು. ಐತಪ್ಪ. ಸರಿಯಾಗ್ತದೆ."
ಸೇರಿಸಿದೆ. ಸಾಲು ಒಳಗೆ ಬಂತು, ಸುಳ್ಳಲ್ಲ.
ಅರುವತ್ತು ವರ್ಷ ಯಾರ ಬಾಯಲ್ಲೂ ಬಾರದ ಅಪ್ಪ
ಪ್ರಿಂಟರಿನ ಉಪದ್ರಕ್ಕೆ ಬಂದುಬಿಟ್ಟಿತು.
ಅಳಿಸಿದೆ.

ಫಾಂಟು ಬದಲಿಸಿದೆ: ಖಾಲಿ ಚೌಕಗಳ ಮೆರವಣಿಗೆ.
ಇನ್ನೊಂದು ಹಾಕಿದೆ: ಒತ್ತುಗಳೆಲ್ಲ ಕಳಚಿ
ಅಕ್ಷರದ ಪಕ್ಕದಲ್ಲಿ ಬಿದ್ದಿದ್ದವು, ಜಾತ್ರೆ ಮುಗಿದ ಚಪ್ಪಲಿಗಳ ಹಾಗೆ.
ಕಾಸರಗೋಡಿನ ಅಂಗಡಿಯವ ಫೋನಿನಲ್ಲಿ
ಮಲಯಾಳದಲ್ಲಿ ಇಟ್ಟು ನೋಡಿ ಅಂದ.
ಇಟ್ಟೆ. ಐತ ಆ ಭಾಷೆಯಲ್ಲಿಯೂ ಹೊರಗೆ.
ಸ್ಪೇಸು ಒತ್ತಿ ಒತ್ತಿ ಕೈಯಾರೆ ಒಂದು ದಿನದ್ದು ನೇರ ಮಾಡಿದೆ.
ಮರುದಿನ ಹಾಲು ತಂದ ಹೊಸಬಳು ಕ್ರಿಸ್ತಿನಾ ಕ್ರಾಸ್ತಾ.
ಅವಳ ಲೀಟರು ಎಡಗೋಡೆಗೆ ಹೋಗಿ ಒರಗಿತು.

ಉಮ್ಮ ಊಟಕ್ಕೆ ಮೂರು ಸಲ ಕರೆದ ರಾತ್ರಿ
ಎಲ್ಲರನ್ನೂ ತೆಗೆದು ಇಬ್ಬರನ್ನೇ ಉಳಿಸಿದೆ.
ಯಂತ್ರವನ್ನೇ ಕೇಳಿದೆ, ನಿನ್ನ ಲೆಕ್ಕ ಹೇಳು.
ಐತ: ಎರಡು.
ತ್ರ್ಯಂಬಕ: ಎಂಟು.

ಎಂಟಾ?
ಬೆರಳು ಮಡಚಿದೆ.
ತ. ಅದರ ಉಸಿರು ಹಿಡಿಯುವ ಕೊಂಬು. ರ.
ಮತ್ತೊಂದು ಕೊಂಬು. ಯ. ಸೊನ್ನೆ. ಬ. ಕ.
ಒಬ್ಬ ನಿಲ್ಲುವ ಜಾಗದಲ್ಲಿ ಆರು ಜನ
ಹೆಗಲ ಮೇಲೆ ಹೆಗಲು ಏರಿ ನಿಂತಿದ್ದಾರೆ,
ಯಂತ್ರ ಪ್ರತಿಯೊಬ್ಬರಿಗೂ ಕುರ್ಚಿ ಎಣಿಸಿದೆ.

ಹೆಸರಿಗೆ ಹದಿನಾರು ಮನೆ ಕೊಟ್ಟವಳು ನಾನು.
ತುಂಬದ್ದಕ್ಕೆ ಖಾಲಿ ತುಂಬು ಅಂದವಳೂ ನಾನು.
ತ್ರ್ಯಂಬಕನಿಗೆ ಎಂಟು ಖಾಲಿ, ಐತನಿಗೆ ಹದಿನಾಲ್ಕು.
ನನ್ನದನ್ನೂ ಹಾಕಿದೆ, ಮೈಮೂನಾ.
ಕಾಣುವುದು ಮೂರು, ಲೆಕ್ಕಕ್ಕೆ ಆರು.

ತಮ್ಮನ ಚೀಲದಿಂದ ಸ್ಕೇಲು ತಂದು
ಹಾಳೆಯ ಮೇಲೆ ನೆಟ್ಟಗೆ ಇಟ್ಟೆ.
ಲೀಟರು ಶುರುವಾಗಬೇಕಾದದ್ದು ಹದಿನೇಳನೆಯ ಮನೆಯಲ್ಲಿ.
ಅಲ್ಲಿ ಇದ್ದದ್ದು ಐತ ಒಬ್ಬ.
ವಾಲಿದ್ದು ಬಾಕಿ ಇಪ್ಪತ್ತೆರಡು,
ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದ "ಹೆಸರು" ಕೂಡ.

ಅನ್ನ ತಣಿದಿತ್ತು. ಹೊಸದಾಗಿ ನಾಲ್ಕು ಸಾಲು ಬರೆದೆ.
ಕೊಂಬು, ಒತ್ತು, ಗುಣಿತ, ಸೊನ್ನೆ, ಯಾರೇ ಬರಲಿ
ಮುಂದಿನವರ ಮಡಿಲಲ್ಲಿ ಕೂರಿಸು,
ಬೇರೆ ಟಿಕೆಟು ಹರಿಯಬೇಡ.

ಬೆಳಗ್ಗೆ ಹಾಳೆ ಹೊರಬಂತು.
ತ್ರ್ಯಂಬಕಣ್ಣನ ರೂಪಾಯಿ ಐದು ಹೆಜ್ಜೆ ನಡೆದು
ಐತನ ರೂಪಾಯಿಯ ನೆತ್ತಿಯ ಮೇಲೆ ನಿಂತಿತ್ತು.
ಐತ ತೋರುಬೆರಳನ್ನು ಮೇಲಿಂದ ಕೆಳಗೆ
ಗೋಡೆಗೆ ನೂಲು ಬಿಟ್ಟು ನೋಡುವ ಮೇಸ್ತ್ರಿಯ ಹಾಗೆ ಇಳಿಸಿದ.

"ನನ್ನದು ಸರಿ ಮಾಡಿದಿರಾ ಅಕ್ಕ?"
"ನಿಮ್ಮದು ಮುಟ್ಟಲಿಲ್ಲ ಐತಣ್ಣ. ಬೇರೆಯವರದ್ದು."

ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತ.
ಕ್ಯಾನಿನ ಮುಚ್ಚಳ ಒತ್ತಿದ. ತಿರುಗಿ ಬಂದ.
"ಹಾಗಾದರೆ ಈ ಫ್ಯಾಟು ಮೂರು ಅಂತ ಬಂದದ್ದು,
ಅದನ್ನೂ ಯಾರೂ ಮುಟ್ಟಲಿಲ್ಲವಾ?"